ಆದೋನಿ ಮೆಡಿಕಲ್ ಕಾಲೇಜು: ವಿದ್ಯಾರ್ಥಿಯ ಮಾತು ಕೇಳುವವರು ಯಾರು?

ಹತ್ತು ಹೊಸ ಮೆಡಿಕಲ್ ಕಾಲೇಜುಗಳನ್ನು ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವ) ಮಾದರಿಯಲ್ಲಿ ನಡೆಸಲು ಆಂಧ್ರ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಮೊದಲ ಕಂತಿನಲ್ಲಿ ಮಾರ್ಕಾಪುರ, ಮದನಪಲ್ಲಿ, ಪುಲಿವೆಂದುಲದ ಜತೆ ನಮ್ಮ ಆದೋನಿಯೂ ಇದೆ. ಅಂದಿನಿಂದ ಜಗಳವೆಲ್ಲ ಫೀಸು, ಸೀಟು, ಜಮೀನಿನ ಸುತ್ತ. ಅದು ನಡೆಯಲೇಬೇಕಾದ ಜಗಳ. ಆದರೆ ಆ ಕಾಲೇಜಿನಲ್ಲಿ ನಾಳೆ ಒಬ್ಬ ವಿದ್ಯಾರ್ಥಿಯ ಮೇಲೆ ಕಾಪಿ ಹೊಡೆದ, ರ್‍ಯಾಗಿಂಗ್ ಮಾಡಿದ ಎಂಬ ಆರೋಪ ಬಂದರೆ ಅವನ ಮಾತನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು ಎಂದು ಪಿಪಿಪಿ ಬೇಕೆನ್ನುವ, ಬೇಡವೆನ್ನುವ ಎರಡೂ ಪಾಳಯದಲ್ಲಿ ಗಟ್ಟಿಯಾಗಿ ಕೇಳಿದವರಿಲ್ಲ.

ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ‘ಎನ್‌ಕ್ವೈರಿ’ ಎಷ್ಟೋ ಸಲ ಹೇಗೆ ನಡೆಯುತ್ತದೆ ಎಂಬುದು ಹಾಸ್ಟೆಲಿನಲ್ಲಿದ್ದು ಓದಿದವರಿಗೆ ಗೊತ್ತು. ಅಟೆಂಡರ್ ಬಂದು, ಪ್ರಿನ್ಸಿಪಾಲರು ಕರೀತಾರೆ ಎನ್ನುತ್ತಾನೆ. ಒಳಗೆ ನಾಲ್ಕೈದು ಮಂದಿ ಕೂತಿರುತ್ತಾರೆ, ದೂರು ಕೊಟ್ಟ ಎಚ್‌ಒಡಿಯೂ ಅವರಲ್ಲೊಬ್ಬರು. ಆರೋಪವನ್ನು ಬಾಯಲ್ಲಿ ಹೇಳುತ್ತಾರೆ, ಕಾಗದದಲ್ಲಿ ಕೊಡುವುದಿಲ್ಲ. ಕ್ಷಮಾಪಣೆ ಬರೆದುಕೊಡು, ಇಲ್ಲಿಗೇ ಮುಗಿಸೋಣ ಎನ್ನುತ್ತಾರೆ. ಹುಡುಗ ಹೆದರಿ ಬರೆದುಕೊಡುತ್ತಾನೆ. ಆಮೇಲೆ ಅದೇ ಕಾಗದ ತಪ್ಪೊಪ್ಪಿಗೆಯಾಗಿ ಫೈಲಿಗೆ ಸೇರುತ್ತದೆ. ಇದನ್ನು ವಿಚಾರಣೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಕಾನೂನೂ ಒಪ್ಪುವುದಿಲ್ಲ. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ಕಾಪಿ ಆರೋಪದ ಮೇಲೆ, ಒಂದು ಮಾತೂ ಕೇಳದೆ, ಮೂವರು ವಿದ್ಯಾರ್ಥಿಗಳ ಫಲಿತಾಂಶ ರದ್ದು ಮಾಡಿತ್ತು. ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣವೆಂದೇ ಹೆಸರಾದ ಅದರಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿತು: ಹುಡುಗರ ಬದುಕನ್ನೇ ಬದಲಿಸಬಲ್ಲ ಇಂಥ ತೀರ್ಮಾನ ಮಾಡುವಾಗ ಮಂಡಳಿ ನ್ಯಾಯ ಹೇಳುವ ಸ್ಥಾನದಲ್ಲಿರುತ್ತದೆ, ಆದ್ದರಿಂದ ಅವರ ಮಾತು ಕೇಳಲೇಬೇಕು. ಅರವತ್ತು ವರ್ಷ ದಾಟಿದ ಈ ಮಾತು ಎಷ್ಟೋ ಪ್ರಿನ್ಸಿಪಾಲರ ಕೋಣೆಗೆ ಇನ್ನೂ ತಲುಪಿಲ್ಲ.

ಇಷ್ಟೆಲ್ಲ ವಿಚಾರಣೆ ಇಟ್ಟುಕೊಂಡರೆ ರ್‍ಯಾಗಿಂಗ್‌ಗೆ ಸಿಕ್ಕ ಜೂನಿಯರ್‌ಗಳು ದೂರು ಕೊಡಲೇ ಹೆದರುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಆ ಹೆದರಿಕೆ ನಿಜ. 2009ರಲ್ಲಿ ಹಿಮಾಚಲದ ಟಾಂಡಾ ಮೆಡಿಕಲ್ ಕಾಲೇಜಿನಲ್ಲಿ ಅಮನ್ ಕಚ್ರೂ ಎಂಬ ಹುಡುಗ ರ್‍ಯಾಗಿಂಗ್‌ನಿಂದ ಸತ್ತ ಮೇಲೆಯೇ ಯುಜಿಸಿಯ ಕಠಿಣ ನಿಯಮಗಳು ಬಂದದ್ದು. ಆದರೆ ದೂರುದಾರರನ್ನು ಕಾಯುವ ದಾರಿಯನ್ನೂ ಕೋರ್ಟು ತೋರಿಸಿದೆ. ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಹುಡುಗರು ರಾತ್ರಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ನುಗ್ಗಿದ ಪ್ರಕರಣದಲ್ಲಿ, ಹುಡುಗಿಯರ ಹೇಳಿಕೆಯನ್ನು ಆರೋಪಿಗಳ ಬೆನ್ನ ಹಿಂದೆ ಪಡೆದದ್ದು ಸರಿ ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿಯೂ ಹುಡುಗರಿಗೆ ಆರೋಪವನ್ನು ಬರಹದಲ್ಲಿ ತಿಳಿಸಿ, ಉತ್ತರ ಕೊಡಲು ಅವಕಾಶ ನೀಡಲಾಗಿತ್ತು.

ನನ್ನ ದೊಡ್ಡ ತಕರಾರು ಬೇರೆ. ಆಂಧ್ರದ 1997ರ ರ್‍ಯಾಗಿಂಗ್ ನಿಷೇಧ ಕಾಯ್ದೆಯ ಪ್ರಕಾರ, ದೂರು ಬಂದಾಗ ಕ್ರಮ ಕೈಗೊಳ್ಳದ ಸಂಸ್ಥೆಯ ಮುಖ್ಯಸ್ಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ. ಒಳ್ಳೆಯ ಉದ್ದೇಶದ ಕಲಮು. ಅದರಿಂದಲೇ ಪ್ರಿನ್ಸಿಪಾಲರು ಪ್ರಕರಣದಲ್ಲಿ ಸ್ವಂತ ಹಿತಾಸಕ್ತಿ ಇರುವ ವ್ಯಕ್ತಿಯಾಗುತ್ತಾರೆ: ಒಂದೋ ದೂರನ್ನೇ ಅಡಗಿಸಬೇಕು, ಇಲ್ಲವೇ ಸಿಕ್ಕವನನ್ನು ಬೇಗ ಹೊರಗೆ ಹಾಕಿ ತಾನು ಪಾರಾಗಬೇಕು. ಅಂಥವರೇ ಕೊನೆಯ ತೀರ್ಪು ಕೊಡಬಾರದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1842ರಿಂದ ಆನರ್ ಪದ್ಧತಿ ಇದೆ. ಕಾಪಿ, ಸುಳ್ಳು, ಕಳವಿನ ಆರೋಪಗಳ ವಿಚಾರಣೆಯಲ್ಲಿ ಅಲ್ಲಿ ತೀರ್ಪು ಕೊಡುವವರು ವಿದ್ಯಾರ್ಥಿಗಳೇ. ಅಷ್ಟು ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಕೂತರೆ ಆಕಾಶ ಕಳಚಿ ಬೀಳುವುದಿಲ್ಲ.

ಇನ್ನು ಭಾಷೆ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೊಳಗುಂದ, ಕೌತಾಳಂ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ಆ ಮನೆಯ ಹುಡುಗಿಗೆ ಇಂಗ್ಲಿಷಿನಲ್ಲಿ ಸಸ್ಪೆನ್ಷನ್ ಮೆಮೊ ಬಂದರೆ ಅವಳ ಅಪ್ಪ ಅದನ್ನು ಯಾರ ಹತ್ತಿರ ಓದಿಸಬೇಕು? ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕು ಕೊಟ್ಟಿದೆ. ಆದರೆ ಅದು ಸರ್ಕಾರದ ಅಧಿಕಾರಿಗೆ, ಪ್ರಾಧಿಕಾರಕ್ಕೆ ಸಲ್ಲಿಸುವ ಅಹವಾಲಿನ ಮಾತು. ಖಾಸಗಿ ಆಡಳಿತ, ನಾವು ಸರ್ಕಾರವಲ್ಲ ಎಂದುಬಿಟ್ಟರೆ? ಅಮರಾವತಿಯ ಹೈಕೋರ್ಟಿಗೆ ಹೋದರೂ, ರಿಟ್ ಅರ್ಜಿ ನಿಲ್ಲುತ್ತದೆಯೇ ಎಂಬ ವಾದದಲ್ಲೇ ಅವಳ ಒಂದು ಪರೀಕ್ಷೆ ಕಳೆದುಹೋಗುತ್ತದೆ.

ಆದ್ದರಿಂದ ವಿಚಾರಣೆಯ ನಿಯಮಗಳನ್ನು ಪಿಪಿಪಿ ಒಪ್ಪಂದದ ಷರತ್ತಾಗಿಯೇ ಬರೆಸಬೇಕು. ಆರೋಪಪಟ್ಟಿ ವಿದ್ಯಾರ್ಥಿ ಕೇಳಿದ ಭಾಷೆಯಲ್ಲಿ, ತೆಲುಗು, ಕನ್ನಡ, ಉರ್ದು ಯಾವುದಾದರೂ ಸರಿ, ಕೈಗೆ ಸಿಗಬೇಕು. ದೂರು ಕೊಟ್ಟವರು ಸಮಿತಿಯಲ್ಲಿ ಕೂರಬಾರದು. ಪೋಷಕರೋ ಸ್ನೇಹಿತರೋ ಒಬ್ಬರು ಪಕ್ಕದಲ್ಲಿರಬೇಕು. ಕಾರಣ ಸಹಿತ ಆದೇಶ ಬರಹದಲ್ಲಿರಬೇಕು, ಮೇಲ್ಮನವಿ ಮುಗಿಯುವ ತನಕ ಪರೀಕ್ಷೆ ಬರೆಯಲು ಬಿಡಬೇಕು. ಪಿಪಿಪಿ ಬೇಕೆನ್ನುವವರೂ ಬೇಡವೆನ್ನುವವರೂ ಈ ಬೇಡಿಕೆಯಲ್ಲಿ ಒಂದಾಗಬಹುದು. ಆದೋನಿ, ಆಲೂರು, ಮಂತ್ರಾಲಯದ ಶಾಸಕರು ಮೊದಲ ಬ್ಯಾಚಿಗೆ ಅಡ್ಮಿಷನ್ ಆಗುವ ಮುಂಚೆಯೇ ಇದನ್ನು ವಿಧಾನಸಭೆಯಲ್ಲಿ ಕೇಳಲಿ.