ಕೂದಲು ನಿಲ್ಲಬೇಕು, ಪುಡಿ ಉಳಿಯಬಾರದು



ಈ ಸಲ ಬಂದ ಕಾಗದಗಳಲ್ಲಿ ಹನೂರಿನ ಕಡೆಯ ತಾಯಿಯೊಬ್ಬರದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅವರ ಮಗಳ ಕೂದಲು ತೀರ ನವಿರು. ಎಷ್ಟು ಒಪ್ಪವಾಗಿ ಹೆಣೆದರೂ ಅರ್ಧ ಗಂಟೆಯಲ್ಲಿ ಹಣೆಯ ಮೇಲೆ, ಕಿವಿಯ ಪಕ್ಕ ಹಾರಾಡೋಕೆ ಶುರು. ನಿಶ್ಚಿತಾರ್ಥದ ದಿನ ಅಲಂಕಾರಕ್ಕೆ ಬಂದಾಕೆ ಹೇರ್ ಸ್ಪ್ರೇ ಹೊಡೆದಳಂತೆ. ಊಟದ ಹೊತ್ತಿಗೆ ಬೈತಲೆಯ ಎರಡೂ ಕಡೆ ಬಿಳಿ ಪುಡಿ. ಗಂಡಿನ ಕಡೆಯ ಹೆಂಗಸೊಬ್ಬರು, "ಹುಡುಗಿಗೆ ಹೊಟ್ಟು ಜಾಸ್ತಿ ಅಲ್ವಾ?" ಅಂತ ಎಲ್ಲರ ಎದುರಿಗೇ ಕೇಳಿಬಿಟ್ಟರಂತೆ. "ಮುಂದಿನ ತಿಂಗಳು ಮದುವೆ. ಮಗಳು ಸ್ಪ್ರೇ ಬೇಡವೇ ಬೇಡ ಅಂತ ಹಟ ಹಿಡಿದಿದಾಳೆ. ಕೂದಲೋ ನಿಲ್ಲಲ್ಲ. ಏನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ತಾಯಿ, ಮೊದಲು ಮಗಳಿಗೆ ಧೈರ್ಯ ಹೇಳಿ. ಸ್ಪ್ರೇ ಹೊಡೆದ ಜಾಗದಲ್ಲೇ, ಅದೇ ದಿನ ಕಂಡ ಪುಡಿ ಹೊಟ್ಟಲ್ಲ, ಒಣಗಿ ಒಡೆದ ಅಂಟು. ಸರಿಯಾದದ್ದನ್ನು ಆರಿಸಿ, ಸ್ವಲ್ಪವೇ ಬಳಸಿದರೆ ಈ ಪಾಡು ಬರೋದಿಲ್ಲ.

ರೇಷ್ಮೆಯ ಸೀಮೆಯವರಾದ ನಮಗೆ ಇದು ಅರ್ಥವಾಗೋದು ಕಷ್ಟವಲ್ಲ. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟೇ ಇರುತ್ತೆ. ಅದು ಇರೋವರೆಗೆ ನೂಲು ಬಿರುಸು, ಮಂಕು. ಸೋಪಿನ ನೀರಲ್ಲಿ ಕುದಿಸಿ ಅಂಟು ಬಿಡಿಸಿದ ಮೇಲೆಯೇ ಆ ಹೊಳಪು, ಆ ನಯ. ಕೂದಲಿನ ಸ್ಪ್ರೇ ಕೂಡ ಒಂದು ಬಗೆಯ ಅಂಟೇ. ಎಳೆ ಹಿಡಿದು ನಿಲ್ಲಿಸಲು ಬೇಕು, ಆದರೆ ಕೆಲಸ ಮುಗಿದ ಮೇಲೆ ಪೂರ್ತಿ ಬಿಟ್ಟುಹೋಗಬೇಕು. ಈ ಎರಡು ಗುಣವೂ ಇರೋದನ್ನೇ ನಾವು ಹುಡುಕಬೇಕಾದ್ದು.

ಬಿಳಿ ಪುಡಿ ಎಲ್ಲಿಂದ ಬರುತ್ತೆ?

ಸ್ಪ್ರೇಯಲ್ಲಿ ಅಂಟನ್ನು ಸಾಮಾನ್ಯವಾಗಿ ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಆಲ್ಕೋಹಾಲು ಬೇಗ ಆರಿಹೋಗಿ, ತೆಳುವಾದ ಪೊರೆಯೊಂದು ಎಳೆಗೆ ಎಳೆಯನ್ನು ಅಂಟಿಸಿ ನಿಲ್ಲುತ್ತೆ. ಪೊರೆ ದಪ್ಪವಾದರೆ? ಸುಣ್ಣ ದಪ್ಪಗೆ ಬಳಿದ ಗೋಡೆಯಲ್ಲಿ ಚಕ್ಕೆ ಏಳುತ್ತಲ್ಲ, ಹಾಗೇ ಬಾಚಣಿಗೆ ಸೋಕಿದ ಕೂಡಲೇ ಒಡೆದು ಪುಡಿಯಾಗುತ್ತೆ.

1948ರ ಸುಮಾರಿಗೆ ಅಮೆರಿಕದಲ್ಲಿ ಒತ್ತಿದರೆ ಚಿಮ್ಮುವ ಡಬ್ಬಿಯ ಸ್ಪ್ರೇಗಳು ಬಂದವು. ಹಿಂದಿನ ಸ್ಪ್ರೇಗಳಲ್ಲಿ ಅರಗನ್ನೂ ಬಳಸುತ್ತಿದ್ದರು. ಮರದ ಸಾಮಾನಿಗೆ ಪಾಲಿಶ್ ಹಾಕೋ ಅದೇ ಅರಗು! ಅದು ನೀರಿನಲ್ಲಿ ಕರಗದು, ತೊಳೆದರೂ ಸುಲಭಕ್ಕೆ ಬಿಡದು. ಆಮೇಲೆ ಬಂದದ್ದು ಪಿವಿಪಿ ಎಂಬ ಅಂಟು. ನೀರಿಗೆ ಕರಗುತ್ತೆ ನಿಜ, ಆದರೆ ಮಳೆಗಾಲದ ತೇವಕ್ಕೆ ಜಿಗುಟು, ಮಾಗಿಯ ಒಣ ಗಾಳಿಗೆ ಪೆಡಸು. ಅದನ್ನು ತಿದ್ದಲು ಬಂದವು ವಿಪಿ/ವಿಎ ಕೋಪಾಲಿಮರ್, ಅಕ್ರಿಲೇಟ್ಸ್ ಕೋಪಾಲಿಮರ್ ಎಂಬುವು. ಇವಕ್ಕೆ ತೇವದ ಕಾಟ ಕಡಿಮೆ, ಶಾಂಪೂ ಹಾಕಿ ತೊಳೆದರೆ ಬಿಡುತ್ತವೆ.

ಅಂಗಡಿಯಲ್ಲಿ ಏನು ನೋಡಬೇಕು?

ನಮ್ಮ ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ಹೋಗಿ ಕೇಳಿದರೂ ಅಂಗಡಿಯವರು ಮೊದಲು ಎತ್ತಿಕೊಡೋದು 'ಎಕ್ಸ್‌ಟ್ರಾ ಸ್ಟ್ರಾಂಗ್' ಡಬ್ಬಿಯನ್ನೇ. ನವಿರು ಕೂದಲಿನವರು ಅದನ್ನು ವಾಪಸು ಇಡಿ. ಭಾರದ ಅಂಟು ಬಿದ್ದರೆ ತೆಳ್ಳನೆಯ ಎಳೆಗಳು ಜೊಂಪೆ ಜೊಂಪೆಯಾಗಿ ಸೇರಿಕೊಂಡು ನಡುವೆ ನೆತ್ತಿ ಕಾಣುತ್ತೆ. 'ಲೈಟ್' ಅಥವಾ 'ಫ್ಲೆಕ್ಸಿಬಲ್' ಹೋಲ್ಡ್ ಎಂದು ಬರೆದದ್ದನ್ನು ಕೇಳಿ. 'ಬ್ರಷ್ ಔಟ್' ಎಂದಿದ್ದರೆ ಇನ್ನೂ ಒಳ್ಳೆಯದು.

ಪಂಪು ಒತ್ತುವ ಬಾಟಲಿಗಳಲ್ಲಿ ಹನಿ ದಪ್ಪ, ಕೂದಲು ಒದ್ದೆಯಾಗುತ್ತೆ. ಇಬ್ಬನಿಯ ಹಾಗೆ ಸಣ್ಣಗೆ ಬೀಳುವ ಸ್ಪ್ರೇಯೇ ನವಿರು ಕೂದಲಿಗೆ ವಾಸಿ. ಹೊಳಪಿಗೆಂದು ಎಣ್ಣೆ, ಡೈಮೆಥಿಕೋನ್ ಸೇರಿಸಿರುವುದು ಒರಟು ಕೂದಲಿಗೆ ಚೆನ್ನ, ನಿಮ್ಮ ಕೂದಲನ್ನು ಮಾತ್ರ ಮಲಗಿಸಿಬಿಡುತ್ತೆ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಬಳಸಬೇಕಾದ ಕೊನೆಯ ತಾರೀಖು ಇವೆಯೇ ನೋಡಿ. ಮೊದಲ ಸಲಕ್ಕೆ ಚಿಕ್ಕ ಡಬ್ಬಿಯೇ ಸಾಕು.

ಸ್ಟೀಲ್ ತಟ್ಟೆಯ ಪರೀಕ್ಷೆ

'ಪುಡಿ ಉಳಿಯದು' ಅಂತ ಯಾವ ಡಬ್ಬಿಯ ಮೇಲೆ ಬೇಕಾದರೂ ಬರೆಯಬಹುದು. ನೀವೇ ನೋಡಿಬಿಡಿ. ಒಣಗಿದ ಸ್ಟೀಲ್ ತಟ್ಟೆಗೆ ದೂರದಿಂದ ಎರಡು ಸಲ ಹೊಡೆದು ಹತ್ತು ನಿಮಿಷ ಬಿಡಿ. ಆಮೇಲೆ ಉಗುರಿನಿಂದ ಗೀರಿ. ಬಿಳಿ ಪುಡಿ ಎದ್ದರೆ ತಲೆಯ ಮೇಲೂ ಏಳುತ್ತೆ. ತೆಳುವಾದ ಪೊರೆ ಮೆತ್ತಗೆ ಸರಿದರೆ ವಾಸಿ. ನಂತರ ಎರಡು ತೊಟ್ಟು ಶಾಂಪೂ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕೈಗೆ ಜಿಗುಟು ಹತ್ತದೆ ತಟ್ಟೆ ನುಣ್ಣಗಾದರೆ ಆ ಸ್ಪ್ರೇ ನಂಬಬಹುದು. ಮದುವೆಗೆ ಹದಿನೈದು ದಿನ ಮೊದಲೇ ಮಗಳ ತಲೆಗೂ ಒಮ್ಮೆ ಹೊಡೆದು, ಸಂಜೆವರೆಗೆ ಬಿಟ್ಟು ನೋಡಿ. ತುರಿಕೆ ಬಂದರೂ ಆಗಲೇ ಗೊತ್ತಾಗುತ್ತೆ.

ಹೊಡೆಯುವ ಕ್ರಮ

ತಲೆಗೆ ಎರೆದುಕೊಂಡು, ಕೂದಲು ಪೂರ್ತಿ ಒಣಗಿದ ಮೇಲೆಯೇ ಸ್ಪ್ರೇ. ಎಣ್ಣೆ ಹಚ್ಚಿದ ತಲೆಗೆ ಹೊಡೆದರೆ ಅಂಟು, ಎಣ್ಣೆ, ಧೂಳು ಮೂರೂ ಸೇರಿ ಕಿಟ್ಟವಾಗುತ್ತೆ. ಪ್ಲಾಸ್ಟಿಕ್ ಬಾಚಣಿಗೆ ಒಣ ಕೂದಲಿಗೆ ಉಜ್ಜಿ ವಿದ್ಯುತ್ತು ಹುಟ್ಟಿಸಿ ಎಳೆಗಳನ್ನು ಇನ್ನೂ ಹಾರಿಸುತ್ತೆ, ಮರದ ಹಣಿಗೆ ಬಳಸಿ. ಜಡೆಯೋ ತುರುಬೋ ಕಟ್ಟಿ, ಪಿನ್ನು ಸಿಕ್ಕಿಸಿದ ಮೇಲೆ ಒಂದು ಗೇಣು ನಾಲ್ಕು ಬೆರಳು ದೂರದಿಂದ ಒಮ್ಮೆ ಸುತ್ತ ಹೊಡೆದು ಕೈಬಿಡಿ. ಹಣೆಯ ಮುಂಗುರುಳಿಗೆ ನೇರ ಹೊಡೆಯಲೇಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಒಂದು ಸಲ ಹೊಡೆದು, ಅದರಿಂದ ಮೆಲ್ಲಗೆ ಸವರಿ. ಮತ್ತೆ ಕೂದಲು ಎದ್ದರೆ ಮೇಲಿಂದ ಮೇಲೆ ಹೊಡೆಯದೆ ಒದ್ದೆ ಅಂಗೈಯಿಂದ ಒತ್ತಿದರೆ ಸಾಕು. ಸ್ಪ್ರೇ ಆರಿದ ಮೇಲೆ ಹೂವು ಮುಡಿಸಿ.

ಬೆಂಕಿಯ ಬಗ್ಗೆ ಜೋಕೆ

ಇದನ್ನು ದಯವಿಟ್ಟು ಎರಡು ಸಲ ಓದಿ. ಸ್ಪ್ರೇ ಡಬ್ಬಿಯಿಂದ ದ್ರವವನ್ನು ಹೊರಗೆ ನೂಕೋದು ಹೆಚ್ಚಾಗಿ ಬ್ಯೂಟೇನ್, ಪ್ರೊಪೇನ್ ಅನಿಲಗಳು. ನಮ್ಮ ಅಡುಗೆ ಸಿಲಿಂಡರಿನಲ್ಲಿರೋದೂ ಅವೇ. ಹಿಂದಿನ ಕಾಲದ ಡಬ್ಬಿಗಳಲ್ಲಿ ಹೊತ್ತಿಕೊಳ್ಳದ ಸಿಎಫ್‌ಸಿ ಅನಿಲ ಇರುತ್ತಿತ್ತು. ಅದು ಭೂಮಿಗೆ ಕೊಡೆಯಂತಿರುವ ಓಜೋನ್ ಪದರವನ್ನು ತಿನ್ನುತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ದೇಶ ದೇಶಗಳಲ್ಲಿ ಕೈಬಿಟ್ಟರು. ಈಗಿನ ಅನಿಲವೂ ಹೊತ್ತುತ್ತೆ, ಕರಗಿಸಿದ ಆಲ್ಕೋಹಾಲೂ ಹೊತ್ತುತ್ತೆ.

ಆದ್ದರಿಂದ ದೀಪ, ಊದುಬತ್ತಿ, ಸೊಳ್ಳೆಬತ್ತಿ, ಒಲೆ ಇರುವ ಕೋಣೆಯಲ್ಲಿ ಹೊಡೆಯಬಾರದು. ಮದುಮಗಳು ಹೋಮದ ಮುಂದೆ ಕೂರುವ ಮೊದಲು ಕಡೇ ಪಕ್ಷ ಅರ್ಧ ಗಂಟೆಯಾದರೂ ಕಳೆದಿರಲಿ. ಫೋಟೋದವರು ಹೇಳಿದರೆಂದು ಮಂಟಪದಲ್ಲೇ ಮತ್ತೆ ಹೊಡೆಯೋಕೆ ಯಾರು ಬಂದರೂ ತಾಯಂದಿರು ಖಂಡಿತ ತಡೆಯಿರಿ. ಡಬ್ಬಿಯನ್ನು ಒಲೆಯ ಹತ್ತಿರ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಖಾಲಿಯಾಯಿತೆಂದು ಕಸದ ಬೆಂಕಿಗೂ ಎಸೆಯಬೇಡಿ.

ಸೀರೆ ಉಡುವ ಮೊದಲೇ ಸ್ಪ್ರೇ ಮುಗಿಸಿ, ಇಲ್ಲವೇ ಹೆಗಲಿಗೆ ದಪ್ಪ ಟವೆಲ್ ಹೊದಿಸಿ. ರೇಷ್ಮೆಯ ಮೇಲೆ ಬಿದ್ದ ಹನಿ ಕಲೆಯಾಗಿ ಕೂರುತ್ತೆ. ಹೊಡೆಯುವಾಗ ಕಣ್ಣು ಮುಚ್ಚಿ, ಉಸಿರು ಹಿಡಿದು, ಕಿಟಕಿ ತೆರೆದಿಡಿ. ಮನೆಯಲ್ಲಿ ಕೂಸು, ದಮ್ಮಿನವರು ಇದ್ದರೆ ಅವರನ್ನು ಬೇರೆ ಕೋಣೆಗೆ ಕಳಿಸಿ.

ತೊಳೆಯೋದು ಹೇಗೆ?

ರಾತ್ರಿ ತುರುಬು ಬಿಚ್ಚಿ ಒಣ ಕೂದಲಿಗೇ ಹಣಿಗೆ ಹಾಕಿ ಎಳೆದರೆ ನವಿರು ಎಳೆ ತುಂಡಾಗುತ್ತೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ನೆನೆಸಿ, ಆಮೇಲೆ ಶಾಂಪೂ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಯ ಜೊತೆ ಕಾಡಿನಿಂದ ಆರಿಸಿ ತರುತ್ತ ಬಂದ ಸೀಗೆಕಾಯಿ, ಅಂಟುವಾಳ ನಮಗೆ ಒಗ್ಗಿದ್ದು ನಿಜ. ಅದನ್ನು ಮಿಕ್ಕ ದಿನಗಳಿಗೆ ಇಟ್ಟುಕೊಳ್ಳಿ, ಬಟ್ಟೆಯಲ್ಲಿ ಸೋಸಿದ ನೀರನ್ನೇ ಬಳಸಿ. ಸೋಸದಿದ್ದರೆ ಅದರ ಪುಡಿಯೂ ಕೂದಲಲ್ಲಿ ಕೂರುತ್ತೆ.

ಕೆಲವರು ಸ್ಪ್ರೇ ಮುಟ್ಟದಿದ್ದರೂ ತಲೆಯಲ್ಲಿ ಬಿಳಿ ಪದರ ಕಟ್ಟುತ್ತೆ ಅಂತ ಬರೀತಾರೆ. ಬೋರ್‌ವೆಲ್ಲಿನ ಗಡಸು ನೀರಿಗೆ ಮೈಸೋಪು ಸೇರಿದರೆ ಹಾಗೇ ಆಗೋದು. ತಲೆಗೆ ಸೋಪು ಹಾಕೋದು ಬಿಡಿ. ಕೊನೆಯಲ್ಲಿ ಒಂದು ಚೊಂಬು ನೀರಿಗೆ ಅರ್ಧ ನಿಂಬೆಹಣ್ಣಿನ ರಸ ಸೋಸಿ ಹಾಕಿ ತಲೆಗೆ ಸುರಿದು, ಮತ್ತೆ ಬರೀ ನೀರಲ್ಲಿ ತೊಳೆದುಕೊಳ್ಳಿ.

ಮನೆಯಲ್ಲೇ ಮಾಡೋರಿಗೆ

ಒಂದು ಚಮಚ ಅಗಸೆ ಬೀಜವನ್ನು ಒಂದು ಲೋಟ ನೀರಲ್ಲಿ ಕುದಿಸಿ. ಮೊಟ್ಟೆಯ ಬಿಳಿಯ ಹಾಗೆ ಲೋಳೆ ಬಂದ ಕೂಡಲೇ ಇಳಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಸೋಸಲು ಬಾರದು. ಬೆರಳ ತುದಿಗೆ ಒಂದಿಷ್ಟು ತಗೊಂಡು ಮುಂಗುರುಳಿಗೆ ಸವರಿದರೆ ಸಾಕು, ಜಾಸ್ತಿಯಾದರೆ ಇದೂ ಪುಡಿಯಾಗುತ್ತೆ. ಫ್ರಿಜ್ಜಿನಲ್ಲಿ ಐದಾರು ದಿನ ಇರುತ್ತೆ, ವಾಸನೆ ಬದಲಾದರೆ ಚೆಲ್ಲಿಬಿಡಿ. ಸಕ್ಕರೆ ನೀರು ಚಿಮುಕಿಸೋ ಉಪಾಯವೂ ಕೆಲವರದಿದೆ. ಕೂದಲು ನಿಲ್ಲುತ್ತೆ, ಆದರೆ ಇರುವೆಗಳೂ ಮದುವೆಗೆ ಬಂದಾವು!

ಕಡೆಯದಾಗಿ ಒಂದು ಮಾತು. ಹುಟ್ಟಿನಿಂದಲೇ ಕೂದಲು ನವಿರಾಗಿದ್ದರೆ ಅದು ರೋಗವಲ್ಲ. ಆದರೆ ದಪ್ಪಗಿದ್ದ ಜಡೆ ಕೆಲವೇ ತಿಂಗಳಲ್ಲಿ ಇಲಿ ಬಾಲದಂತಾದರೆ ಯಾವ ಸ್ಪ್ರೇಯೂ ಅದಕ್ಕೆ ಮದ್ದಲ್ಲ. ರಕ್ತ ಕಡಿಮೆಯಿದ್ದರೆ, ಥೈರಾಯಿಡ್ ತೊಂದರೆಯಿದ್ದರೆ ಹಾಗಾಗಬಹುದು. ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಉದುರೋದು ಸಾಮಾನ್ಯ, ಹೆಚ್ಚಾಗಿ ತಾನಾಗಿಯೇ ಸರಿಹೋಗುತ್ತೆ. ಉಳಿದವರು ಡಬ್ಬಿಗೆ ದುಡ್ಡು ಸುರಿಯುವ ಮೊದಲು ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.