ಹೆಸರಿಲ್ಲದ ಮುಖಗಳು

ಹಳೆಯ ಟ್ರಂಕಿನಲ್ಲಿ ದೊರೆತ ಭಾವಚಿತ್ರವೊಂದನ್ನು ನಾವು ಈಚೆಗೆ ಟಿಳಕವಾಡಿಯ ಮನೆಯಲ್ಲಿ ನೆರೆದ ಬಂಧುಗಳ ಮುಂದಿಟ್ಟೆವು. ಗಾಂಧಿ ಟೋಪಿ ಧರಿಸಿದ ಎಂಟು ಜನ ತರುಣರು. ಗುರುತು ಸಿಕ್ಕಿದ್ದು ನಮ್ಮ ಅಜ್ಜನವರದು ಮಾತ್ರ. ಆ ಟೋಪಿ ರೂಢಿಗೆ ಬಂದದ್ದು 1920ರ ಸುಮಾರಿಗೆ. ಚಿತ್ರ ಅದಕ್ಕಿಂತ ಹಿಂದಿನದಾಗಿರಲಾರದು. 1924ರ ಡಿಸೆಂಬರದಲ್ಲಿ ಇದೇ ಟಿಳಕವಾಡಿಯಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಜರುಗಿದ ಕಾಂಗ್ರೆಸ್ ಅಧಿವೇಶನದ ಸ್ವಯಂಸೇವಕರಿವರೆಂದು ಒಬ್ಬರು ತೀರ್ಮಾನಿಸಿಯೇ ಬಿಟ್ಟರು. ಟೋಪಿಯೊಂದರಿಂದ ಅಷ್ಟನ್ನು ಹೇಳಲಾಗದು. ತಮ್ಮ ಹಿರಿಯರು ಆ ಅಧಿವೇಶನದಲ್ಲಿದ್ದರೆನ್ನದ ಮನೆ ಬೆಳಗಾವಿಯಲ್ಲಿ ವಿರಳ!

ಎಂಬತ್ತೆಂಟರ ನಮ್ಮ ಸೋದರತ್ತೆಯವರು ಭೂತಗನ್ನಡಿ ಹಿಡಿದು ನೋಡಿದರು. ಆ ಎಳೆಯ ಮುಖಗಳು ಅವರಿಗೆ ತಿಳಿಯಲಿಲ್ಲ. ಕೊನೆಯಲ್ಲಿ ನಿಂತವರ ಎದೆಯ ಮೇಲಿನ ಕರಡಿಗೆಗೆ ಬೆರಳಿಟ್ಟು, “ಇದು ನಮ್ಮ ಸಣ್ಣ ಕಾಕಾಂದು. ಮಗ್ಗಲಿಗೆ ನೆಗ್ಗೈತಿ ನೋಡ್ರಿ, ನಾವು ಸಣ್ಣವರಿದ್ದಾಗೂ ಹಂಗೇ ಇತ್ತು” ಎಂದರು. ಸಂತಾನವಿಲ್ಲದೆ ಲಿಂಗೈಕ್ಯರಾದ ಆ ಹಿರಿಯರ ಬೇರೊಂದು ಚಿತ್ರ ನಮ್ಮ ಮನೆತನದಲ್ಲಿಲ್ಲ.

ಅವರ ಹೆಸರನ್ನೂ ಗುರುತಿಸಿದವರ ಹೆಸರನ್ನೂ ಅಂದಿನ ತಾರೀಖನ್ನೂ ಚಿತ್ರದ ಬೆನ್ನಿಗೆ ಮೃದುವಾದ ಪೆನ್ಸಿಲಿನಿಂದ ಬರೆದೆವು. ಓದುಗ ಬಂಧುಗಳು ಗಮನಿಸಬೇಕು, ಮಸಿಯಾದರೆ ಕಾಲಾಂತರದಲ್ಲಿ ಮುಂಬದಿಗೆ ಇಳಿಯುತ್ತದೆ. ಉಳಿದ ಆರು ಜನರಿಗಾಗಿ ಸ್ಥಳ ಬಿಟ್ಟಿದ್ದೇವೆ. ಬರುವ ವಾರ ಚಿತ್ರವನ್ನು ಖಾನಾಪುರದ ಬೀಗರ ಮನೆಗೆ ಒಯ್ಯಬೇಕಾಗಿದೆ. ಅಲ್ಲಿಯ ಅಜ್ಜನವರಿಗೆ ಈಗ ತೊಂಬತ್ತೊಂದು.