ಕೇಳಿಕೊಳ್ಳುವ ವಿದ್ಯೆ

ರಾಜ್ಯ ಶಿಕ್ಷಣ ನೀತಿಯನ್ನು ರೂಪಿಸಲೆಂದು ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ಆಯೋಗವು 2025ರ ಆಗಸ್ಟ್ ತಿಂಗಳಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೊಪ್ಪಿಸಿತು. ಐದನೆಯ ತರಗತಿಯವರೆಗೆ ಕನ್ನಡ ಇಲ್ಲವೆ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಬೇಕೆಂಬುದು ಅದರ ಸಲಹೆಗಳಲ್ಲೊಂದು. ಮಾಧ್ಯಮದ ಪ್ರಶ್ನೆ ನಮ್ಮಲ್ಲಿ ಹಳೆಯದು. ಪರವಾಗಿಯೂ ವಿರೋಧವಾಗಿಯೂ ಹೇಳತಕ್ಕದ್ದನ್ನು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ಆದರೆ ಮಗು ಯಾವ ಭಾಷೆಯಲ್ಲಿ ಕಲಿಯಬೇಕೆಂದು ವಿಚಾರಿಸುವಷ್ಟು ಆಸ್ಥೆಯಿಂದ, ಆ ಭಾಷೆಯಿಂದ ಅದು ಏನನ್ನು ಸಾಧಿಸಬಲ್ಲುದಾಗಬೇಕೆಂದು ನಾವು ವಿಚಾರಿಸಿದ್ದು ಕಡಮೆ. ಈ ಎರಡನೆಯ ಪ್ರಶ್ನೆಯನ್ನು ಒರೆಗೆ ಹಚ್ಚಲು ಒಂದು ಸಣ್ಣ ವಸ್ತು ಸಾಕು. ಅದು ಮಗು ಬರೆಯುವ ಕಾಗದ.

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಾಗದವೆಂದರೆ ಬಹುಮಟ್ಟಿಗೆ ರಜಾ ಅರ್ಜಿ. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’ ಎಂಬ ಚೌಕಟ್ಟನ್ನು ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ಹೆಸರನ್ನಷ್ಟು ಬದಲಾಯಿಸಿ ನಕಲು ಮಾಡುತ್ತಾರೆ. ಹೀಗೆ ಒಂದೇ ದಿನ ತರಗತಿಯ ಎಲ್ಲರಿಗೂ ಜ್ವರ ಬರುತ್ತದೆ, ಎಲ್ಲರೂ ಎರಡು ದಿನದ ರಜೆ ಬೇಡುತ್ತಾರೆ, ಎಲ್ಲರೂ ‘ತಮ್ಮ ವಿಧೇಯ ವಿದ್ಯಾರ್ಥಿ’ಗಳಾಗಿ ಸಹಿ ಹಾಕುತ್ತಾರೆ. ಚೌಕಟ್ಟು ಬೇಡವೆಂದು ಯಾರೂ ಹೇಳಲಾರರು. ಆದರೆ ಚೌಕಟ್ಟೇ ಪಾಠವಾದಾಗ ಮಗು ಕಲಿಯುವುದು ವಿಧೇಯತೆಯನ್ನು ಮಾತ್ರ. ಕಾರಣ ಕೊಟ್ಟು ಒಪ್ಪಿಸುವುದನ್ನಲ್ಲ.

ಮಕ್ಕಳಿಗೆ ಒಪ್ಪಿಸುವ ಶಕ್ತಿಯಿಲ್ಲವೇ? ಜಾತ್ರೆಗೆ ಹೋಗಬೇಕೆಂದು ಹಟ ಹಿಡಿದ ಒಂಬತ್ತು ವರ್ಷದ ಮಗುವನ್ನು ಕಂಡವರು ಹಾಗೆನ್ನಲಾರರು. ಅವ್ವನ ಮುಂದೆ ಒಂದು ಮಾತು, ಅಪ್ಪನ ಮುಂದೆ ಇನ್ನೊಂದು, ಅಜ್ಜಿಯ ಮಡಿಲಲ್ಲಿ ಮತ್ತೊಂದು. ಎದುರಿನವರ ಹುಬ್ಬು ಗಂಟಿಕ್ಕಿದೊಡನೆ ಮಾತು ದಿಕ್ಕು ಬದಲಿಸುತ್ತದೆ. ಕಾಗದದ ಕಷ್ಟವಿರುವುದು ಇಲ್ಲಿಯೇ: ಅಲ್ಲಿ ಕೇಳುವವರ ಮುಖ ಕಾಣುವುದಿಲ್ಲ. ಅವರೆಲ್ಲಿ ಒಪ್ಪಿಯಾರು, ಎಲ್ಲಿ ತಡೆದು ನಿಲ್ಲಿಸಿಯಾರು ಎಂಬುದನ್ನು ಲೇಖನಿ ಹಿಡಿಯುವುದಕ್ಕೆ ಮುಂಚೆಯೇ ಊಹಿಸಿಕೊಳ್ಳಬೇಕು. ಬರವಣಿಗೆಗೆ ಮುನ್ನ ಯೋಜನೆ ಬೇಕೆನ್ನುವುದು ಈ ಕಾರಣದಿಂದ.

ಇದನ್ನು ಕಲಿಸಲು ಪರದೇಶದ ಪುಸ್ತಕವನ್ನು ತರಬೇಕಾಗಿಲ್ಲ. ಕನ್ನಡ ನಾಡಿನ ಮಕ್ಕಳೆಲ್ಲ ಬಲ್ಲ ಗೋವಿನ ಹಾಡಿನಲ್ಲಿಯೇ ಅದರ ಮಾದರಿಯುಂಟು. ಹಸಿದ ಹುಲಿಯ ಮುಂದೆ ನಿಂತ ಪುಣ್ಯಕೋಟಿ ಪ್ರಾಣವನ್ನು ಬೇಡುವುದಿಲ್ಲ. ಕರುವಿಗೆ ಹಾಲುಣಿಸಿ ಬರುವಷ್ಟು ಅವಕಾಶವನ್ನು ಬೇಡುತ್ತದೆ. ಕೋರಿಕೆ ಸ್ಪಷ್ಟ, ಮಿತಿಯುಳ್ಳದ್ದು, ಹುಲಿ ಈಡೇರಿಸಬಲ್ಲಂಥದು. ಕಾರಣವನ್ನು ಅದು ಮುಚ್ಚಿಡುವುದಿಲ್ಲ. ಬಿಟ್ಟರೆ ಮರಳುವುದುಂಟೇ ಎಂದು ಹುಲಿ ಸಂಶಯಪಟ್ಟಾಗ ಅದಕ್ಕೂ ಸತ್ಯದ ಆಣೆಯಿಟ್ಟು ಉತ್ತರ ಕೊಡುತ್ತದೆ. ಕೊನೆಗೆ, ಆಡಿದ ಮಾತಿಗೆ ತಪ್ಪದೆ ಹಿಂದಿರುಗುತ್ತದೆ. ಏನನ್ನು ಕೇಳಿತು, ಏಕೆ ಕೇಳಿತು, ಹುಲಿಯ ಅನುಮಾನವೇನು, ಅದಕ್ಕೆ ಸಮಾಧಾನವೇನು? ಈ ನಾಲ್ಕು ಪ್ರಶ್ನೆಗಳನ್ನು ಹಾಡಿನ ಬಳಿಕ ಕೇಳಿದರೆ ಯೋಜನೆಯ ಪಾಠ ಅರ್ಧ ಮುಗಿದಂತೆ.

ಹುಲಿಯ ಕಥೆ ಕಥೆಯಾಯಿತು, ನಿಜದಲ್ಲಿ ಮಗುವಿನ ಕಾಗದವನ್ನು ಯಾರು ಲೆಕ್ಕಿಸುತ್ತಾರೆ ಎನ್ನುವವರಿಗೆ ಚರಿತ್ರೆಯಲ್ಲಿ ಉತ್ತರವಿದೆ. 1860ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಅಬ್ರಹಾಂ ಲಿಂಕನ್ನರಿಗೆ ಗ್ರೇಸ್ ಬೆಡೆಲ್ ಎಂಬ 11 ವರ್ಷದ ಬಾಲಿಕೆ ಗಡ್ಡ ಬಿಡಬೇಕೆಂದು ಬರೆದಳು. ತನಗೆ ಚೆಂದ ಕಾಣುತ್ತದೆ ಎಂದಷ್ಟೇ ಬರೆದಿದ್ದರೆ ಅದು ಮಕ್ಕಳ ಮಾತಾಗುತ್ತಿತ್ತು. ಮುಖ ಬಡಕಲಾದುದರಿಂದ ಗಡ್ಡ ಒಪ್ಪುತ್ತದೆ. ಗಡ್ಡವನ್ನು ಹೆಂಗಸರು ಮೆಚ್ಚುತ್ತಾರೆ. ಮೆಚ್ಚಿದವರು ತಮ್ಮ ಗಂಡಂದಿರನ್ನು ಪೀಡಿಸಿ ಮತ ಹಾಕಿಸುತ್ತಾರೆ ಎಂದು ಅವಳು ಮೆಟ್ಟಿಲು ಕಟ್ಟಿದಳು. ತನ್ನ ನಾಲ್ವರು ಅಣ್ಣತಮ್ಮಂದಿರಲ್ಲಿ ಒಲಿಯದೆ ಉಳಿದವರನ್ನು ಒಲಿಸುವ ಭಾರವನ್ನೂ ವಹಿಸಿಕೊಂಡಳು. ಹೆಂಗಸರಿಗೆ ಮತವಿಲ್ಲದ ಕಾಲದಲ್ಲಿ, ಚುನಾವಣೆಗೆ ನಿಂತವರಿಗೆ ಬೇಕಾದುದೇನೆಂಬುದನ್ನು ಆ ಹುಡುಗಿ ಅರಿತಿದ್ದಳು. ಲಿಂಕನ್ನರು ಕೆಲವೇ ದಿನಗಳಲ್ಲಿ ಉತ್ತರ ಬರೆದರು, ಮಾತು ಕೊಡಲಿಲ್ಲ. ಆದರೆ 1861ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರ ಮುಖದಲ್ಲಿ ಗಡ್ಡವಿತ್ತು.

ತರಗತಿಯಲ್ಲಿ ಇದನ್ನು ಆಚರಣೆಗೆ ತರುವ ಬಗೆ ಹೇಗೆ? ಇಂಗ್ಲೆಂಡಿನಲ್ಲಿ 2014ರಿಂದ ಜಾರಿಗೆ ಬಂದ ಪಠ್ಯಕ್ರಮವು, ಪ್ರಾಥಮಿಕ ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ, ಯಾರಿಗೆ ಮತ್ತು ಏತಕ್ಕೆ ಬರೆಯುತ್ತೇವೆಂಬುದನ್ನು ಗುರುತಿಸಿಕೊಂಡೇ ಬರವಣಿಗೆಯನ್ನು ಯೋಜಿಸಬೇಕೆಂದು ವಿಧಿಸಿತು. ನಮ್ಮ ಹಳ್ಳಿಯ ಶಾಲೆಯೊಂದನ್ನೇ ಎತ್ತಿಕೊಳ್ಳೋಣ. ಕುಡಿಯುವ ನೀರಿನ ನಲ್ಲಿ ಕೆಟ್ಟಿದೆ. ‘ದಯವಿಟ್ಟು ಸರಿಪಡಿಸಿ’ ಎಂದು ಬರೆಯಲು ಒಂದು ನಿಮಿಷ ಸಾಕು. ಅದಕ್ಕೆ ಮುಂಚೆ ಎರಡು ದಿನ ತಡೆಯುವುದೇ ಪಾಠ. ನಲ್ಲಿಯನ್ನು ಸರಿಪಡಿಸುವ ಅಧಿಕಾರ ಯಾರದು, ಮುಖ್ಯೋಪಾಧ್ಯಾಯರದೋ ಪಂಚಾಯಿತಿಯದೋ? ಎಷ್ಟು ದಿನದಿಂದ ಕೆಟ್ಟಿದೆ, ನೀರಿಗೆಂದು ಎಷ್ಟು ಮಕ್ಕಳು ಹೊರಗೆ ಹೋಗುತ್ತಾರೆ, ಎಷ್ಟು ಹೊತ್ತು ಪಾಠ ತಪ್ಪುತ್ತದೆ? ಮಕ್ಕಳೇ ಎಣಿಸಲಿ. ಬಳಿಕ ಒಬ್ಬನು ಪಂಚಾಯಿತಿ ಅಧ್ಯಕ್ಷನಾಗಿ ಕುಳಿತು ‘ಹಣವಿಲ್ಲ’ ಎನ್ನಲಿ. ಉಳಿದವರು ಉತ್ತರ ಹುಡುಕಲಿ. ಎಲ್ಲಕ್ಕಿಂತ ಬಲವಾದ ಕಾರಣ ಯಾವುದು, ಅದು ಮೊದಲು ಬರಬೇಕೋ ಕೊನೆಗೋ ಎಂದು ಚರ್ಚಿಸಲಿ. ಆಮೇಲೆ ಕಾಗದ ತಾನಾಗಿ ಬರುತ್ತದೆ.

ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ ನಡೆಸುವ ಉಪಾಧ್ಯಾಯರು ಇದನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಒಂದು ವಾಕ್ಯವನ್ನು ನೆಟ್ಟಗೆ ಬರೆಯಲಾರದ ಮಕ್ಕಳಿಗೆ ಯೋಜನೆಯೆಲ್ಲಿಯದು ಎಂಬ ಅವರ ಆಕ್ಷೇಪ ಹಗುರವಾದುದಲ್ಲ. ಆದರೆ ಯೋಜನೆ ನಡೆಯುವುದು ಮಾತಿನಲ್ಲಿ, ಬೆರಳೆಣಿಕೆಯಲ್ಲಿ, ಬೇಕಾದರೆ ಚಿತ್ರದಲ್ಲಿ. ಅದಕ್ಕೆ ಕಾಗುಣಿತ ಅಡ್ಡಬರದು. ಹೇಳಬೇಕಾದುದು ಮನಸ್ಸಿನಲ್ಲಿ ಖಚಿತವಾದ ಮಗುವಿಗೆ ಅಕ್ಷರದ ಮೇಲೆ ಹಂಬಲ ಹುಟ್ಟುವುದೂ ಸುಲಭ. ಇನ್ನೊಂದು ಆಕ್ಷೇಪ ಹೊಸ ಕಾಲದ್ದು: 2022ರ ಕೊನೆಯಿಂದೀಚೆಗೆ ಕೇಳಿದೊಡನೆ ಅಚ್ಚುಕಟ್ಟಾದ ಪತ್ರವನ್ನು ಬರೆದುಕೊಡುವ ಯಂತ್ರಗಳು ಜನರ ಕೈಗೆ ಬಂದಿವೆ, ಇನ್ನು ಕಲಿಯುವುದೇಕೆ ಎಂಬುದು. ಯಂತ್ರವು ಚೌಕಟ್ಟನ್ನು ಬಲ್ಲುದು. ಈ ಊರಿನ ನಲ್ಲಿಯ ಮುಂದೆ ನಿಂತ ಮಕ್ಕಳನ್ನು ಎಣಿಸಲಾರದು. ಯಂತ್ರ ಬಂದುದರಿಂದ ಬೆಲೆ ಕಳೆದುಕೊಂಡದ್ದು ನಾವು ಇಷ್ಟು ಕಾಲ ಕಲಿಸಿದ ನಕಲು. ಬೆಲೆ ಏರಿದ್ದು ನಾವು ಕಲಿಸದೆ ಬಿಟ್ಟ ಯೋಚನೆ.

ಬರೆದ ಕಾಗದಕ್ಕೆ ನಿಜವಾದ ಓದುಗರು ಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ನಡೆಸಬೇಕಾದ ಮಕ್ಕಳ ಗ್ರಾಮಸಭೆಯಂಥ ವೇದಿಕೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಎರಡು ಅಪಾಯಗಳನ್ನು ಮರೆಯಲಾಗದು. ಹಿರಿಯರು ತಮ್ಮ ಬೇಡಿಕೆಯನ್ನು ಮಕ್ಕಳ ಕೈಯಿಂದ ಬರೆಸಿದರೆ ಅದು ಹೊಸ ವೇಷದ ನಕಲು. ಬರೆದದ್ದಕ್ಕೆ ಉತ್ತರವೇ ಬಾರದಿದ್ದರೆ, ಬರವಣಿಗೆ ವ್ಯರ್ಥವೆಂಬ ಪಾಠವನ್ನು ಮಗು ಜೀವನಪರ್ಯಂತ ಮರೆಯದು. ‘ಈ ವರ್ಷ ಆಗದು, ಕಾರಣವಿದು’ ಎಂಬ ಉತ್ತರವಾದರೂ ಬರಲೇಬೇಕು.

ಪೇಟೆಯ ಓದಿದವರ ಮಗನಿಗೆ ಶಾಲೆ ಇದನ್ನು ಕಲಿಸದಿದ್ದರೂ ಮನೆ ಕಲಿಸೀತು. ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನನ್ನು ಹುಡುಕಿ ನಿಲ್ಲುವ ಕೂಲಿಗಾರನ ಮಗಳಿಗೆ ಕಲಿಸುವವರು ಶಾಲೆಯಲ್ಲದೆ ಬೇರಾರೂ ಇಲ್ಲ. ಒಪ್ಪಿಸುವ ವಿದ್ಯೆಯನ್ನು ಅರಿತವಳನ್ನು ಬಣ್ಣದ ಮಾತಿನಿಂದ ಮರುಳುಮಾಡುವುದೂ ಸುಲಭವಲ್ಲ. ಕನ್ನಡದಲ್ಲಿ ಕಲಿತ ಮಗು ಕನ್ನಡದಲ್ಲಿಯೇ ನ್ಯಾಯವನ್ನು ಕೇಳಿ ಪಡೆಯುವಂತಾದರೆ, ಮಾಧ್ಯಮದ ಪರವಾಗಿ ಅದಕ್ಕಿಂತ ದೊಡ್ಡ ವಾದ ಬೇಕಾಗದು.